ಅಕ್ರೋಟು ಒಡೆಯುವ ಫೋನು

ಜಾಹೀರಾತಿನಲ್ಲಿ ಬರುವ ಜನ ನನ್ನ ಮನೆಗೆ ಬಂದರೆ ಒಂದು ಲೋಟ ನೀರನ್ನೂ ಕೊಡಬಾರದೆಂದು ತೀರ್ಮಾನಿಸಿದ್ದೇನೆ. ಟೂತ್‌ಪೇಸ್ಟಿನವರನ್ನಾದರೂ ಕ್ಷಮಿಸಬಹುದು. ಹಲ್ಲು ಮಿಂಚುತ್ತದೆ ಎಂದರು, ಮಿಂಚಲಿಲ್ಲ, ಆದರೆ ಹಲ್ಲು ಬಾಯಲ್ಲೇ ಉಳಿಯಿತು. ಫೋನಿನವರನ್ನು ಮಾತ್ರ ನಾನು ಬಿಡುವವನಲ್ಲ. ಒಬ್ಬ ದಾಂಡಿಗ ಮಹಡಿಯ ಮೇಲಿಂದ ಫೋನನ್ನು ಕೆಳಗೆ ಬಿಡುತ್ತಾನೆ, ಅದರ ಮೇಲೆ ಜೀಪು ಹತ್ತಿಸುತ್ತಾನೆ, ಕೆಸರಿನಲ್ಲಿ ಹೊರಳಾಡಿಸುತ್ತಾನೆ. ಕೊನೆಗೆ ಅದೇ ಫೋನಿನಿಂದ ಅಕ್ರೋಟು ಕುಟ್ಟಿ ಒಡೆದು, ತಿನ್ನುತ್ತಲೇ ಯಾರಿಗೋ ಕರೆ ಮಾಡಿ ನಗುತ್ತಾನೆ. ಇದನ್ನು ನೋಡಿದ ಡೊಂಬಿವಲಿಯ ಒಬ್ಬ ಮರ್ಯಾದಸ್ಥ ಗೃಹಸ್ಥ ಏನೆಂದು ತಿಳಿದುಕೊಳ್ಳಬೇಕು? ನೀವೇ ಹೇಳಿ.

ದಿನಾ ಬೆಳಿಗ್ಗೆ ಡೊಂಬಿವಲಿಯಲ್ಲಿ ಮುಂಬಯಿಯ ಲೋಕಲ್ ರೈಲು ಹತ್ತುವವನಿಗೆ ಗಟ್ಟಿ ಫೋನು ಶೋಕಿಯಲ್ಲ. ಒಳಗೆ ನುಗ್ಗಿದ ಮೇಲೆ ನಮ್ಮ ದೇಹ ಒಂದು ಕಡೆ, ಚೀಲ ಇನ್ನೊಂದು ಕಡೆ, ಕೈ ಯಾರದೋ ಕಂಕುಳಲ್ಲಿ. ನನ್ನ ಹಿಂದಿನ ಫೋನು ಥಾಣೆ ಸ್ಟೇಷನ್ನಿನ ಹತ್ತಿರ ಯಾರದೋ ಮೊಣಕೈ ತಾಗಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಜಾಗ ಸಿಕ್ಕಿದ್ದು ದಾದರಿನಲ್ಲಿ. ಅಷ್ಟರೊಳಗೆ ಎಷ್ಟು ಬೂಟುಗಳು ಅದರ ಮೇಲೆ ನಿಂತು ಪ್ರಯಾಣ ಮಾಡಿದ್ದವೋ ದೇವರಿಗೇ ಗೊತ್ತು. ಅದಕ್ಕೂ ಹಿಂದಿನದು ಮಳೆಗಾಲದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಬೆಚ್ಚಗೆ ಕೂತೇ ನೀರು ಕುಡಿದು ಸತ್ತಿತ್ತು. ಹಾಗಾಗಿ ಈ ಅಕ್ರೋಟಿನ ಫೋನನ್ನು ಕಂಡ ದಿನ ನನಗೆ ತಡೆಯಲಾಗಲಿಲ್ಲ. ನಾನು ಉಡುಪಿಯ ಕಡೆಯವನು, ನನ್ನ ಹೆಂಡತಿ ವಿಮಲಾ ಧಾರವಾಡದವಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ನನ್ನ ಉತ್ಸಾಹಕ್ಕೆ ಒಮ್ಮೆಯೂ ಮನಸೋತವಳಲ್ಲ.

“ಮಾರಾಯ್ತಿ, ಇದರ ಮೇಲೆ ಜೀಪು ಹೋದ್ರೂ ಏನೂ ಆಗುದಿಲ್ಲ” ಎಂದೆ.

“ನಿಮಗ ಗಟ್ಟಿ ಫೋನು ಬ್ಯಾಡ್ರೀ, ಗಟ್ಟಿ ಹಿಡಿಯೋ ಕೈ ಬೇಕು” ಎಂದಳು. ಅವಳದು ರಬ್ಬರ್ ಬ್ಯಾಂಡ್ ಸುತ್ತಿದ ಹಳೆಯ ಫೋನು. ವಾರಕ್ಕೆರಡು ಸಲ ರೊಟ್ಟಿ ಹಿಟ್ಟಿನ ಡಬ್ಬಿಗೆ ಬೀಳುತ್ತದೆ. ಕೊಡವಿದರೆ ರಿಂಗಾಗುತ್ತದೆ. ಅದನ್ನು ಕಂಡರೇ ನನಗೆ ಮೈ ಉರಿಯುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ಹೊಸ ಫೋನು ಮೊದಮೊದಲು ಬಹಳ ಸಂಭಾವಿತವಾಗಿಯೇ ನಡೆದುಕೊಂಡಿತು. ಸ್ಟೇಷನ್ನಿನ ಸೇತುವೆಯ ಏಳು ಮೆಟ್ಟಿಲು ಉರುಳಿ ಬಿದ್ದರೂ ಒಂದು ಗೀರು ಇಲ್ಲ. ಅಲ್ಲಿಂದ ನನ್ನ ತಲೆ ತಿರುಗಿತು. ನಮ್ಮದೊಂದು ರೈಲಿನ ಗ್ರೂಪು ಇದೆ. ದಿನಾ ಅದೇ ಗಾಡಿ, ಅದೇ ಡಬ್ಬಾ, ಅದೇ ಹತ್ತು ಹನ್ನೆರಡು ಮುಖಗಳು. ನಾನು ಫೋನನ್ನು ಎದೆಯೆತ್ತರದಿಂದ ನೆಲಕ್ಕೆ ಬಿಟ್ಟು ತೋರಿಸುತ್ತಿದ್ದೆ. “ಅಣ್ಣಾ, ಪುನ್ಹಾ ಏಕದಾ!” ಎಂದು ಇನ್ನೊಮ್ಮೆ ಬಿಡಲು ಹುರಿದುಂಬಿಸುತ್ತಿದ್ದವರು ಸಾವಂತ್. ನಾನು ಮತ್ತೆ ಬಿಡುತ್ತಿದ್ದೆ. ಐವತ್ತು ದಾಟಿದ ಮನುಷ್ಯ ಮಾಡುವ ಕೆಲಸವೇ ಇದು ಎಂದು ಆಗ ಯಾರೂ ಕೇಳಲಿಲ್ಲ, ನಾನಂತೂ ಕೇಳಿಕೊಳ್ಳಲಿಲ್ಲ.

ದಸರೆಗೆ ಆಫೀಸಿಗೆ ರಜೆ. ಆದ್ದರಿಂದ ನಮ್ಮ ಡಬ್ಬಾದ ಪೂಜೆ ಅದರ ಮುನ್ನಾ ದಿನವೇ ನಡೆಯುತ್ತದೆ. ಕಿಟಕಿಯ ಸರಳುಗಳಿಗೆ ಚೆಂಡು ಹೂವು, ದೇವರ ಪಟಕ್ಕೆ ಊದುಬತ್ತಿ, ಎಲ್ಲರಿಗೂ ಪೇಡೆ. ಕಾಯಿ ಒಡೆಯುವ ಖಾತೆ ಮಾತ್ರ ನನ್ನದು. ಉಡುಪಿಯವನಿದ್ದಾಗ ತೆಂಗಿನಕಾಯಿಗೆ ಬೇರೆಯವರು ಕೈ ಹಾಕುವುದುಂಟೇ? ಪ್ರತಿ ವರ್ಷ ಬಾಗಿಲಿನ ಕಬ್ಬಿಣದ ಅಂಚಿಗೆ ಹೊಡೆದು ಒಡೆಯುತ್ತಿದ್ದೆ. ಆ ದಿನ ಬಾಗಿಲಲ್ಲಿ ನಿಂತವರು ಅಲ್ಲಾಡಲಿಲ್ಲ. ಒಂದು ಹೆಜ್ಜೆ ಸರಿದರೆ ಆ ಜಾಗ ಅವರಿಗೆ ಮತ್ತೆ ಸಿಗುವುದಿಲ್ಲ, ದೇವರ ಕೆಲಸವಾದರೇನು.

“ಅಣ್ಣಾ, ತುಮಚಾ ಫೋನ್ ಆಹೆ ನಾ!” ಎಂದರು ಸಾವಂತ್. ನಿಮ್ಮ ಫೋನು ಇದೆಯಲ್ಲ ಎಂದು. ಅವರು ತಮಾಷೆಗೆ ಅಂದಿರಬಹುದು. ಆದರೆ ನನ್ನ ಮನಸ್ಸು ಎಷ್ಟು ಚುರುಕಾಗಿ ಲೆಕ್ಕ ಹಾಕಿತೆಂದರೆ ನನಗೇ ಆಶ್ಚರ್ಯ. ಜಾಹೀರಾತಿನವನ ಮನೆಯಲ್ಲಿ ಒಡೆಯಲು ಅಕ್ರೋಟು ಇತ್ತು, ಒಡೆದ. ನಮ್ಮ ಮನೆಗೆ ಇವತ್ತಿನವರೆಗೆ ಅಕ್ರೋಟು ಬಂದಿಲ್ಲ. ನಮಗೆ ಒಡೆಯುವ ವಸ್ತು ಎಂದರೆ ಕಾಯಿ. ಅವನಿಗೊಂದು ನ್ಯಾಯ, ನನಗೊಂದು ನ್ಯಾಯವೇ? ಕವರು ಹಾಕಿಕೊಂಡು ಹೊಡೆದರೆ ಫೋನಿಗೆ ಅವಮಾನವೆಂದು ಅದನ್ನು ಕಳಚಿ ಕಿಸೆಗೆ ಹಾಕಿಕೊಂಡೆ. ಎಡಗೈಯಲ್ಲಿ ಕಾಯಿ ಹಿಡಿದು, ಊರಲ್ಲಿ ಕತ್ತಿಯ ಹಿಂಬದಿಯಿಂದ ಹೊಡೆಯುವ ಹಾಗೆ ಫೋನಿನ ಅಂಚಿನಿಂದ ನಡು ಮಧ್ಯಕ್ಕೆ ಒಂದು ಕೊಟ್ಟೆ. ಇಡೀ ಡಬ್ಬಾ ಜೈಕಾರ ಹಾಕಿತು. ಫೋನಿನ ಗಾಜು ಬಿರಿದು, ಪರದೆ ಒಮ್ಮೆ ಹಸಿರಾಯಿತು, ಒಮ್ಮೆ ಬಿಳಿಯಾಯಿತು, ಆಮೇಲೆ ಏನು ಒತ್ತಿದರೂ ಏನೂ ಆಗಲಿಲ್ಲ.

ಎಂಥ ಮೋಸ ನೋಡಿ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದಸರೆ ಕಳೆದ ಮೇಲೆ ಥಾಣೆಯ ಸರ್ವಿಸ್ ಸೆಂಟರಿಗೆ ಹೊರಟಾಗ ವಿಮಲಾ ತಾನೂ ಬರುತ್ತೇನೆಂದಳು. ಅವಳಿಗೆ “ರೈಲಿನಲ್ಲಿ ಒಡೆಯಿತು” ಎಂದಿದ್ದೆ, ಸುಳ್ಳೇನಲ್ಲವಲ್ಲ. ನನಗೆ ಬೇಕಾಗಿದ್ದುದು ಹೊಸ ಗಾಜಲ್ಲ. ತಪ್ಪು ಕಂಪನಿಯದು ಎಂದು ಯಾರಾದರೂ ಒಬ್ಬರು, ಅದೂ ಇವಳ ಎದುರಿಗೆ, ಒಪ್ಪಿಕೊಳ್ಳಬೇಕಾಗಿತ್ತು. ಅದು ಆಗದೆ ಮನೆಗೆ ಮರಳಿದರೆ ಆ ರಬ್ಬರ್ ಬ್ಯಾಂಡಿನ ಫೋನಿನ ಮುಂದೆ ನಾನು ತಲೆಯೆತ್ತಿ ತಿರುಗುವುದು ಹೇಗೆ? ದಾರಿಯುದ್ದಕ್ಕೂ ಭಾಷಣ ತಯಾರು ಮಾಡಿಕೊಂಡೆ.

ಕೌಂಟರಿನಲ್ಲಿ ಕೂತಿದ್ದ ಹುಡುಗಿ ನನ್ನ ಭಾಷಣವನ್ನು ಪೂರ್ತಿ ಕೇಳಿದಳು. ಮೇಜು ಕುಟ್ಟಿದೆ, ಗ್ರಾಹಕರ ನ್ಯಾಯಾಲಯ ಎಂದೆ, ನಂಬಿಸಿ ಕತ್ತು ಕೊಯ್ದಿರಿ ಎಂದೆ. ಅಕ್ಕಪಕ್ಕದವರು ತಲೆಯಾಡಿಸಿದರು. ವಿಮಲಾ ಕೂಡ ಮೊದಲ ಬಾರಿಗೆ ನನ್ನನ್ನು ಸ್ವಲ್ಪ ಗೌರವದಿಂದ ನೋಡಿದಳೆಂದು ನನ್ನ ಭಾವನೆ. ಹುಡುಗಿ ಸುಮ್ಮನೆ ಚಿಮಟ ತೆಗೆದುಕೊಂಡು ಚಾರ್ಜು ಮಾಡುವ ತೂತಿನಿಂದ ಒಂದು ಕಂದು ಎಳೆಯನ್ನು ಎಳೆದು ಬಿಳಿ ಕಾಗದದ ಮೇಲಿಟ್ಟಳು.

“ಕಾಕಾ, ಹೇ ನಾರಳಾಚಂ ಆಹೆ ಕಾ?” ತೆಂಗಿನ ನಾರೇ ಇದು ಎಂದು ಕೇಳುತ್ತಿದ್ದಳು. ನಾನು ಗೋಡೆಯ ಮೇಲಿನ ಬೋರ್ಡು ಓದತೊಡಗಿದೆ. ಅವಳು ಫೋನನ್ನು ಮೂಸಿ ನೋಡಿ, ಕಣ್ಣರಳಿಸಿ, “ಹ್ಯಾನೆ ನಾರಳ್ ಫೋಡ್ಲಾ? ಫುಟ್ಲಾ ಕಾ?” ಎಂದಳು. ಇದರಿಂದ ಕಾಯಿ ಒಡೆದಿರಾ, ಒಡೆಯಿತೇ ಎಂದು. ಅವಳ ದನಿಯಲ್ಲಿ ನಿಜವಾದ ಕುತೂಹಲವಿತ್ತು. ಬುದ್ಧಿಯಿದ್ದವನು ಬಾಯಿ ಮುಚ್ಚಿಕೊಂಡಿರುತ್ತಿದ್ದ.

“ಒಡೆಯದೇ ಏನು! ಒಂದೇ ಏಟಿಗೆ ಸರಿಯಾಗಿ ಎರಡು ಹೋಳು!” ಎಂದು ಎದೆಯುಬ್ಬಿಸಿ ಮರಾಠಿಯಲ್ಲಿ ಹೇಳಿಬಿಟ್ಟೆ.

ಅವಳು ಪೆನ್ನು ಕೆಳಗಿಟ್ಟಳು. “ಮಗ ತಕ್ರಾರ್ ಕಾಯ್ ಆಹೆ, ಕಾಕಾ?”

ಮತ್ತೆ ದೂರು ಏನು ಎಂದು. ತಲೆಯಾಡಿಸುತ್ತಿದ್ದವರೆಲ್ಲ ಈಗ ನಗುತ್ತಿದ್ದರು. ವಿಮಲಾ ಮಾತ್ರ ನಗದೆ, “ಆ ಕಾಯೀನಾದ್ರೂ ಮನಿಗೆ ತಂದಿದ್ರ ಚಟ್ನಿ ಆಗ್ತಿತ್ತಲ್ರೀ” ಎಂದಳು. ಹುಡುಗಿ ಫಾರಮ್ಮಿನಲ್ಲಿ ಹಾನಿಯ ಕಾರಣ ಎಂಬ ಗೆರೆಯ ಮುಂದೆ ‘ಗ್ರಾಹಕ’ ಎಂದಷ್ಟೇ ಬರೆದು ನನ್ನ ಕಡೆ ತಿರುಗಿಸಿದಳು. ಜಗಳ ತೆಗೆಯೋಣವೆಂದು ಎರಡು ಸಲ ಓದಿದೆ. ತಪ್ಪೇನೂ ಸಿಗಲಿಲ್ಲ. ಸಹಿ ಹಾಕಿದೆ.