ಹನ್ನೆರಡು ಗಂಟೆಯ ಉಪವಾಸ

ಗಡಿಯಾರ ರಿಪೇರಿಯವನ ನೆಮ್ಮದಿ ಕೆಡಿಸಿದ್ದು ಅವನ ಬೆಕ್ಕಿನ ತಲೆಯ ಮೇಲೆ ಎದ್ದ ನಾಲ್ಕು ಗಂಟುಗಳು. ಬಟಾಣಿ ಗಾತ್ರದವು, ಹಳದಿ ಬೆರೆತ ಬಿಳಿಯವು. ಬೆಕ್ಕಿಗೆ ಅವನಿಟ್ಟ ಹೆಸರು ಸಾಹೇಬ. ಮದುವೆಯಾಗದೆ ಐವತ್ತು ದಾಟಿದ ಅವನಿಗೆ ಸಂಜೆ ಬಾಗಿಲು ತೆರೆದಾಗ ಎದುರು ಬರುತ್ತಿದ್ದ ಜೀವ ಅದೊಂದೇ.

ಗಂಟುಗಳು ಮೊದಲು ಬಿದ್ದದ್ದು ಕೆಳಗೆ ವಾಸವಿದ್ದ ಮನೆಯೊಡತಿಯ ಕಣ್ಣಿಗೆ. "ಇದು ಅಂಟುರೋಗ ಅಲ್ಲ ಅಂತ ನಾಳೆ ಸಂಜೆಯೊಳಗೆ ಡಾಕ್ಟರ ಚೀಟಿ ತನ್ನಿ. ಇಲ್ಲಾಂದ್ರೆ ಬೆಕ್ಕೂ ಬೇಡ, ನೀವೂ ಬೇಡ!"

ಅಂದೇ ಪ್ರಾಣಿವೈದ್ಯರು ರಕ್ತ ತೆಗೆದರು. ಕೊಳವೆಯಲ್ಲಿ ತುಸು ಹೊತ್ತು ನಿಂತ ರಕ್ತದ ಮೇಲ್ಭಾಗ ನೀರು ಬೆರೆಸಿದ ಹಾಲಿನಂತೆ ಕಂಡಿತು.

"ರಕ್ತದಲ್ಲಿ ಕೊಬ್ಬು ಕಣ್ರೀ. ಅದೇ ಚರ್ಮದಲ್ಲಿ ಕೂತು ಗಂಟಾಗಿರ್ಬೇಕು. ಆದ್ರೆ ಇದು ಈಗ ತಿಂದಿದ್ದೋ, ಹುಟ್ಟಿನಿಂದ ಬಂದಿದ್ದೋ ಗೊತ್ತಾಗ್ಬೇಕಲ್ಲ? ಹನ್ನೆರಡು ಗಂಟೆ ಉಪವಾಸ ಇಟ್ಟು ತನ್ನಿ. ಆಗಲೂ ಹೀಗೇ ಇದ್ರೆ ಹುಟ್ಟುದೋಷ. ಅಂಟಲ್ಲ ಅಂತ ಬರ್ಕೊಡ್ತೀನಿ, ಬದುಕಿರೋತನಕ ಪಥ್ಯ. ರಕ್ತ ತಿಳಿಯಾಗಿದ್ರೆ ಗಂಟು ಬೇರೇನೋ. ಕೊಯ್ದು ಕಳಿಸಿ ಹದಿನೈದು ದಿನ ಕಾಯ್ಬೇಕು."

ಮರುದಿನ ಬೆಳಗ್ಗೆ ಆರಕ್ಕೆ ಸರಿಯಾಗಿ ಬೆಕ್ಕಿನ ಬಟ್ಟಲು ಅಟ್ಟ ಸೇರಿತು. ಏಳಕ್ಕೆ ಸಾಹೇಬ ಬಾಯಿ ತೆರೆದ. ಎಂಟರ ಹೊತ್ತಿಗೆ ಆ ಕೂಗು ಎಣ್ಣೆ ಕಾಣದ ನೂರು ಬಾಗಿಲುಗಳ ಕಿರುಗುಟ್ಟುವಿಕೆಯಾಯಿತು. ಎದುರುಮನೆಯ ನಿವೃತ್ತ ಕಂಡಕ್ಟರು ಮೀನಿನ ತಲೆ ಹಿಡಿದು ಕಿಟಕಿಗೆ ಬಂದರು.

"ಏನ್ರೀ, ಗೋಳು ಹುಯ್ಕೊಳ್ಳೋಕೆ ಹೆಂಡ್ತಿ ಇಲ್ಲ ಅಂತ ಬೆಕ್ಕನ್ನ ಹಿಡಿದ್ರಾ?"

"ಪರೀಕ್ಷೆ ಇದೆ ಸ್ವಾಮಿ, ಏನೂ ಕೊಡೋ ಹಾಗಿಲ್ಲ."

"ನನ್ನ ಮಗ ಎಲ್ಲಾ ಪರೀಕ್ಷೆಗೂ ಹೊಟ್ಟೆತುಂಬ ಉಂಡೇ ಹೋದ."

"ಪಾಸಾದನಾ?"

ಕಂಡಕ್ಟರು ಮುಖ ಗಂಟಿಕ್ಕಿಕೊಂಡು ಮೀನಿನ ತಲೆಯನ್ನು ಒಳಕ್ಕೆ ಎಸೆದೇ ಹೋದರು. ರಿಪೇರಿಯವ ಅದನ್ನು ಗಾಳಿಯಲ್ಲೇ ಹಿಡಿದ. ಅಷ್ಟರಲ್ಲಿ ಮೇಲ್ಮನೆಯ ಟೀಚರಮ್ಮ ದಾರಕ್ಕೆ ಕಟ್ಟಿ ಇಳಿಬಿಟ್ಟ ಹಾಲಿನ ಲೋಟ ಅದೇ ಕಿಟಕಿಯಲ್ಲಿ ತೂಗಿತು. ಅವನು ಅದನ್ನು ತಡೆಯಲು ಹೋಗಿ ನೆತ್ತಿಯಿಂದ ಪಾದದವರೆಗೆ ಹಾಲಾದ. ಸಾಹೇಬ ಯಜಮಾನನನ್ನು ಇಷ್ಟು ಪ್ರೀತಿಯಿಂದ ಹಿಂದೆಂದೂ ನೋಡಿರಲಿಲ್ಲ. ಪಾಪದವನು ಒಂದು ಕೈಯಲ್ಲಿ ಮೀನಿನ ತಲೆ ಹಿಡಿದು, ಮೇಜಿನ ಮೇಲೆ ಹತ್ತಿ, ಮೈಮೇಲಿನ ಹಾಲು ಒಣಗುವ ತನಕ ನಿಂತ.

ಮಧ್ಯಾಹ್ನ ಅಂಗಡಿಯಿಂದ ಫೋನು: ಗಿರಾಕಿಯೊಬ್ಬರಿಗೆ ರೈಲಿನ ಹೊತ್ತು, ಕೈಗಡಿಯಾರ ಕೂಡಲೇ ಬೇಕು. ರಿಪೇರಿಗೆ ಬಂದಿದ್ದ ಆಳೆತ್ತರದ ಲೋಲಕದ ಗಡಿಯಾರದ ಪೆಟ್ಟಿಗೆ ಕೋಣೆಯ ಮೂಲೆಯಲ್ಲಿ ಖಾಲಿಯಾಗಿ ನಿಂತಿತ್ತು. ಸಾಹೇಬನನ್ನು ಅದರೊಳಗೆ ಕೂರಿಸಿ ಬೀಗ ಹಾಕಿದ. ಕೋಣೆಯ ಕೀಲಿಯನ್ನೂ ಪೆಟ್ಟಿಗೆಯದನ್ನೂ ಯಾರಿಗೆ ಒಪ್ಪಿಸುವುದು? ಇಡೀ ಕಟ್ಟಡದಲ್ಲಿ ಆ ಬೆಕ್ಕನ್ನು ಕೋಲಿನಿಂದಲೂ ಮುಟ್ಟದವಳು ಒಬ್ಬಳೇ. ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತ ಮನೆಯೊಡತಿಯ ಕೈಗೆ ಕೀಲಿಗಳನ್ನು ಇಟ್ಟ.

"ಯಾರು ಕೇಳಿದ್ರೂ ಕೊಡ್ಬೇಡಿ ಅಮ್ಮ."

"ಆ ಗಂಟುರೋಗದ ಹತ್ರ ಯಾರ್ ಹೋಗ್ತಾರೆ, ಹೋಗ್ರೀ!"

ಸಂಜೆ ಆರಕ್ಕೆ ತೆಗೆದ ರಕ್ತ ನಿನ್ನೆಗಿಂತ ಬೆಳ್ಳಗಿತ್ತು. ವೈದ್ಯರು ತಲೆಯಾಡಿಸಿದರು: "ಹುಟ್ಟುದೋಷವೇ. ಹನ್ನೆರಡು ಗಂಟೆ ಏನೂ ತಿಂದಿಲ್ಲ ತಾನೇ?"

"ನನ್ನ ಗಡಿಯಾರದಾಣೆ, ಇಲ್ಲ."

ಚೀಟಿ ಸಿಕ್ಕಿತು. ಮನೆಯೊಡತಿ ಅದನ್ನು ಎರಡು ಸಲ ಓದಿ ದೀರ್ಘವಾಗಿ ಉಸಿರುಬಿಟ್ಟಳು.

"ಅಬ್ಬ, ಅಂಟಲ್ಲ! ಮಧ್ಯಾಹ್ನದಿಂದ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ ಕಣ್ರೀ. ನಿಮ್ಮ ಸಾಹೇಬ ಕಿರುಚಿದ್ದಕ್ಕೆ ಕಣ್ಣು ಮುಚ್ಚೋಕಾಗ್ಲಿಲ್ಲ. ಬಾಯಿ ಮುಚ್ಚಿಸೋಣ ಅಂತ ಬೀಗ ತೆಗೆದು ಒಂದು ಮುದ್ದೆ ಬೆಣ್ಣೆ ಹಿಡಿದ್ರೆ, ನನ್ನ ಬೆರಳೆಲ್ಲ ನೆಕ್ಬಿಡೋದೇ!"

ರಿಪೇರಿಯವನ ಬಾಯಿ ತೆರೆಯಿತು. ನಿಜ ಹೇಳಿದರೆ ಚೀಟಿ ಹೋಗುತ್ತದೆ. ಚೀಟಿ ಹೋದರೆ ಕೋಣೆ. ಹೇಳದಿದ್ದರೆ, ಬೇಕೋ ಬೇಡವೋ ತಿಳಿಯದ ಪಥ್ಯದಲ್ಲಿ ಸಾಹೇಬನ ಆಯುಷ್ಯ ಸವೆಯಬೇಕು. ಅವನು ಬಾಯಿ ಮುಚ್ಚಿದ.

ಹೆಗಲ ಚೀಲದಿಂದ ತಲೆ ಹೊರಹಾಕಿದ ಸಾಹೇಬ ಯಜಮಾನನತ್ತ ತಿರುಗಿಯೂ ನೋಡದೆ ಕೆಳಕ್ಕೆ ಜಿಗಿದು, ಮನೆಯೊಡತಿಯ ಹೊಸಿಲು ದಾಟಿ ನೇರ ಅಡುಗೆಮನೆಗೆ ನಡೆದ.

"ನೋಡಿದ್ರಾ," ಎಂದಳವಳು, ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ಅನ್ನ ಹಾಕಿದವರನ್ನ ಪ್ರಾಣಿ ಮರೆಯಲ್ಲ."