ಹತ್ತು ವರ್ಷಕ್ಕೆ ಅರ್ಧ ರೊಟ್ಟಿ

ಯಾರ ದನಿಯನ್ನು ಬೇಕಾದರೂ ನಾನು ತೆಗೆಯಬಲ್ಲೆ. ಬಸ್ ಕಂಡಕ್ಟರ್, ಸೊಸೆಯ ಮೇಲೆ ರೇಗುವ ಪಕ್ಕದ ಮನೆಯ ಅತ್ತೆ, ನಮ್ಮ ಆಸ್ಪತ್ರೆಯ ದೊಡ್ಡ ಮೇಡಂ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನದೇ ದನಿಯಲ್ಲಿ ಮಾತಾಡಿದಾಗ ಮಾತ್ರ ಯಾರೂ ನಂಬುವುದಿಲ್ಲ. ನಂಬುವವಳು ಒಬ್ಬಳೇ, ಕುರುಗೋಡಿನ ನಮ್ಮಜ್ಜಿ. ನನ್ನಂಥವನನ್ನು ನಂಬಿದರೆ ಏನಾಗುತ್ತದೆಂಬುದು ಅವಳ ತೂಕ ಇಳಿಯತೊಡಗಿದ ಮೇಲೆ ನನಗೇ ತಿಳಿಯಿತು.

ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಯಾವ ರೋಗಿ ಎಷ್ಟು ತಿನ್ನಬೇಕೆಂದು ಬರೆದುಕೊಡುವುದು ನನ್ನ ಕೆಲಸ. ಸೇರಿ ಆರು ತಿಂಗಳಾಗಿದೆ. ಠೀವಿ ನೋಡಿದರೆ ಅರವತ್ತು ವರ್ಷವಾದಂತಿದೆ. ಮನುಷ್ಯ ಸುಮ್ಮನೆ ಮಲಗಿದ್ದರೂ ಉಸಿರಾಡುವುದಕ್ಕೆ, ಗುಂಡಿಗೆ ಬಡಿಯುವುದಕ್ಕೆ ಮೈ ಒಂದಿಷ್ಟು ಕ್ಯಾಲೊರಿ ಸುಡುತ್ತದಲ್ಲ, ಅದನ್ನು ಅಂದಾಜಿಸಲು ಸೂತ್ರವಿದೆ. ತೂಕ, ಎತ್ತರ, ವಯಸ್ಸು ಒತ್ತಿದರೆ ಅಂಕಿ ಹೊರಬೀಳುತ್ತದೆ. ಆಮೇಲೆ ಓಡಾಟಕ್ಕೆಂದು ಸ್ವಲ್ಪ ಸೇರಿಸಬೇಕು. ಮೊಣಕಾಲು ನೋವಿಗೆ ಅಜ್ಜಿ ಸ್ವಲ್ಪ ತೂಕ ಇಳಿಸಲಿ ಎಂದು ಯಾರೋ ಡಾಕ್ಟರು ಅಂದದ್ದೇ ತಡ, ಯಾರೂ ಕೇಳದಿದ್ದರೂ ನಾನು ಮುನ್ನುಗ್ಗಿದೆ. ಆಧಾರ್ ಕಾರ್ಡಿನಲ್ಲಿ ವಯಸ್ಸು ಎಪ್ಪತ್ತೊಂಬತ್ತು. ಆ ವಯಸ್ಸಿನವರು ಏನು ಓಡಾಡಿಯಾರು ಎಂದು 'ಕುಳಿತೇ ಇರುವವರು' ಎಂಬುದನ್ನು ಒತ್ತಿದೆ. ಹೊತ್ತಿಗೆ ನಾಲ್ಕು ಜೋಳದ ರೊಟ್ಟಿ ಎರಡಾದವು. ಚೀಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ, ಬೀಗುತ್ತಾ ಬಸ್ಸು ಹತ್ತಿದೆ.

ಎರಡು ತಿಂಗಳ ಮೇಲೆ ಸಿರುಗುಪ್ಪದಿಂದ ಸೋದರತ್ತೆಯ ಫೋನು ಬಂತು. ನಾನು ಅವಳದೇ ದನಿಯಲ್ಲಿ "ಹಲೋ" ಅಂದೆ. ಅವಳು ನಗಲಿಲ್ಲ.

"ಲೇ ಡಾಕ್ಟ್ರ, ನಿನ್ನ ಆಟ ಸಾಕು. ನಿಮ್ಮಜ್ಜಿ ನಮ್ಮನಿಗೆ ಬಂದು ನಾಕು ದಿನ ಇದ್ದು ಈಗ ಹೋದಳು. ಕುಪ್ಪಸ ಹೆಗಲಿಂದ ಜಾರಾಕ ಹತ್ತೈತಿ. ಅಕ್ಕಿ ಮಿಲ್ಲಿನ ತಕ್ಕಡಿ ಮ್ಯಾಲ ನಿಲ್ಲಿಸಿದೆ, ಐದು ಕಿಲೋ ಇಳದಾಳ. ನಿನ್ನೆ ಬಚ್ಚಲದಾಗ ಕಣ್ಣಿಗೆ ಕತ್ತಲಿ ಬಂದು ಗ್ವಾಡಿ ಹಿಡಕಂಡು ನಿಂತಿದ್ದಳು. ಅನ್ನ ನೀಡಾಕ ಹೋದ್ರ, 'ಮೊಮ್ಮಗ ಬ್ಯಾಡ ಅಂದಾನ' ಅಂತಾಳ!"

ಓಡಿಹೋಗಿ ಮೇಡಂ ಮುಂದೆ ನಿಂತೆ.

"ಸೂತ್ರ ಅಂದ್ರ ದೇವರ ಮಾತು ಅಂದ್ಕೊಂಡಿರೇನ್ರೀ?" ಅಂದರು ಮೇಡಂ. "ನೂರು ಮಂದಿ ಸರಾಸರಿಗೆ ಅದು ಹತ್ರ ಬರ್ತೈತಿ. ಒಬ್ಬ ಮುದುಕಿ ಮುಂದ ಇಟ್ರ ಹೆಚ್ಚೂ ಆಗಬೌದು, ಕಡಿಮಿನೂ ಆಗಬೌದು. ವಯಸ್ಸಾದ ಮ್ಯಾಲ ಒಬ್ಬರಿಗೆ ಮಾಂಸಖಂಡ ಗಟ್ಟಿ ಇರ್ತೈತಿ, ಒಬ್ಬರಿಗೆ ಕರಗಿರ್ತೈತಿ. ಸೂತ್ರಕ್ಕ ಅದು ಕಾಣಂಗಿಲ್ಲ. ಮೈ ಎಷ್ಟು ಸುಡತೈತಿ ಅಂತ ಖರೇ ತಿಳೀಬೇಕಂದ್ರ ಉಸಿರು ಅಳೆಯೋ ಯಂತ್ರ ಬೇಕು, ಅದು ನಮ್ಮಲ್ಲಿ ಇಲ್ಲ. ಯಂತ್ರ ಇಲ್ಲದವರು ವಾರ ವಾರ ತೂಕ ನೋಡಬೇಕು. ನೋಡಿದ್ರೇನು?"

ನೋಡಿರಲಿಲ್ಲ. ನಮ್ಮೂರಿನ ಜೀನ್ಸ್ ಅಂಗಡಿಯವರೂ ರೆಡಿಮೇಡ್ ಪ್ಯಾಂಟು ಕೊಟ್ಟು 'ಹಾಕ್ಕೊಂಡು ನೋಡ್ರಿ' ಅನ್ನುತ್ತಾರೆ. ನಾನು ಅಷ್ಟೂ ಅಂದಿರಲಿಲ್ಲ.

"ನಾಳೆ ಕರಕೊಂಡು ಬರ್ರಿ, ರಕ್ತ ಪರೀಕ್ಷೆ ಮಾಡೋಣ. ಅದಕ್ಕೂ ಮೊದಲು ಹೊಟ್ಟಿ ತುಂಬ ಊಟ ಹಾಕ್ರಿ."

ಕುರುಗೋಡಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಜ್ಜಿ ಗೋಡೆ ಹಿಡಿದು ನಿಂತದ್ದೇ ಕಣ್ಣ ಮುಂದೆ. ಕಂಡಕ್ಟರ್ ಎರಡು ಸಲ "ಟಿಕೆಟ್" ಅಂದರೂ ಅವನ ದನಿ ತೆಗೆಯಲು ಮನಸ್ಸಾಗಲಿಲ್ಲ. ಹೋಗಿ ನೋಡಿದರೆ ನನ್ನ 'ಕುಳಿತೇ ಇರುವವರು' ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬಿ, ತಲೆಯ ಮೇಲಿಟ್ಟುಕೊಂಡು ಏಣಿ ಇಳಿಯುತ್ತಿದ್ದರು. ತೋಳು ಕಡ್ಡಿಯಾಗಿತ್ತು. ಚೀಲ ಇಸಿದುಕೊಂಡು ಕೂರಿಸಿದೆ.

"ಅಜ್ಜಿ, ನಿನಗ ಎಪ್ಪತ್ತೊಂಬತ್ತು. ಈ ವಯಸ್ಸಿನಾಗ ಏಣಿ ಹತ್ತತಾರೇನು?"

"ಎಪ್ಪತ್ತೊಂಬತ್ತಾ? ಯಾರು ಹೇಳಿದ್ರಲೇ?"

"ಆಧಾರ್ ಕಾರ್ಡು."

"ಅದಕ್ಕ ಯಾರು ಹೇಳಿದ್ರು? ನಾನಽ! ಪಿಂಚಣಿ ಬರ್ಲಿ ಅಂತ ಹತ್ತು ವರ್ಷ ಏರಿಸಿ ಬರಸಿದ್ವಿ. ನಮ್ಮ ಓಣ್ಯಾಗ ಎಲ್ಲಾರೂ ಒಂದೇ ದಿನ ಮುದುಕೇರಾದ್ವಿ ನೋಡು."

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ವಯಸ್ಸಿನ ಹತ್ತು ವರ್ಷಕ್ಕೆ ಸೂತ್ರ ಕಿತ್ತುಕೊಳ್ಳುವುದು ದಿನಕ್ಕೆ ಸುಮಾರು ಅರ್ಧ ರೊಟ್ಟಿ; ಎರಡು ಹೊತ್ತು ಸೇರಿ ಅಜ್ಜಿಗೆ ಕಡಿತವಾದದ್ದು ನಾಲ್ಕು. ಅಂದರೆ ಪಿಂಚಣಿಯ ಸುಳ್ಳು ತಿಂದದ್ದು ಅರ್ಧ ರೊಟ್ಟಿ ಮಾತ್ರ. ಉಳಿದ ಮೂರೂವರೆಯನ್ನು ಸೂತ್ರವೂ ನಾನೂ ಸೇರಿ ತಿಂದಿದ್ದೆವು.

"ಇವತ್ತಿನಿಂದ ನಾಕು ತಿನ್ನು" ಅಂದೆ.

"ಆವತ್ತು ಎರಡಂದಿ, ಇವತ್ತು ನಾಕಂತಿ. ಗ್ವಾಡಿ ಮ್ಯಾಲ ಬರದದ್ದು ಸುಳ್ಳೇನು? ನನ್ನ ಮೊಮ್ಮಗ ತಪ್ಪು ಬರಿಯಂಗಿಲ್ಲ. ನಿಮ್ಮ ದೊಡ್ಡ ಮೇಡಂ ಹೇಳ್ಲಿ, ತಿಂತೀನಿ."

ಚೀಟಿ ಹರಿದೆ, ಬಾಯಿಪಾಠವಾಗಿದೆ ಅಂದಳು. ಬೇಡಿಕೊಂಡೆ, ಕದಲಲಿಲ್ಲ. ಮೇಡಂಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಬೇರೆ ದಾರಿ ಕಾಣದೆ ಕೊಟ್ಟಿಗೆಯ ಹಿಂದೆ, ಮೆಣಸಿನಕಾಯಿ ಚೀಲಗಳ ನಡುವೆ ನಿಂತು ಅಜ್ಜಿಯ ಮೊಬೈಲಿಗೆ ಫೋನು ಹಚ್ಚಿ, ಜೀವಮಾನದಲ್ಲೇ ಮೊದಲ ಬಾರಿ ಅಳುಕುತ್ತಾ ಇನ್ನೊಬ್ಬರ ದನಿ ತೆಗೆದೆ. "ಅಜ್ಜೀ, ನಾನು ಆಸ್ಪತ್ರಿ ದೊಡ್ಡ ಮೇಡಂ ಮಾತಾಡೋದು. ನಿಮ್ಮ ಮೊಮ್ಮಗ ಶುದ್ಧ ದಡ್ಡ. ನಾಕು ರೊಟ್ಟಿ ತಿನ್ರಿ. ನಾಳೆ ಆಸ್ಪತ್ರಿಗೆ ಬರ್ರಿ... ಆ... ಆಕ್ಷೀ!" ಘಾಟು ಮೂಗಿಗೆ ಏರಿತ್ತು.

"ಆಗ್ಲಿ ಬಿಡ್ರಿ ಮೇಡಂ" ಅಂದಳು ಅಜ್ಜಿ.

ಕೊಟ್ಟಿಗೆಯ ಸಂದಿಯಿಂದ ಇಣುಕಿದೆ. ಒಂದು ತಿಂದಳು. ಎರಡು. ಮೂರನೆಯದಕ್ಕೆ ಕೈ ಹೋಗುವಾಗ ನನ್ನ ಉಸಿರನ್ನು ಯಾವ ಯಂತ್ರವೂ ಅಳೆಯಲಾರದಷ್ಟು ಬಿಗಿಹಿಡಿದಿದ್ದೆ. ನಾಲ್ಕನೆಯದನ್ನೂ ಮುರಿದು ಪುಂಡಿಸೊಪ್ಪಿನ ಪಲ್ಯಕ್ಕೆ ಅದ್ದಿಕೊಂಡಳು. ಆಮೇಲೆ ಕೊಟ್ಟಿಗೆಯತ್ತ ತಿರುಗಿ ಕೂಗಿದಳು:

"ಲೇ, ನಿಮ್ಮ ಮೇಡಂನ ಒಳಗ ಕರಕಂಡು ಬಾರಲೇ! ಪಾಪ, ಅಲ್ಲಿ ಘಾಟಿನಾಗ ಸೀನ್ಕೋತ ನಿಂತಾರ. ಹೊಟ್ಟಿ ಹಸ್ದಿರ್ತೈತಿ."

ಮೇಡಂ ತಲೆ ತಗ್ಗಿಸಿಕೊಂಡು ಒಳಗೆ ಬಂದರು. ಅಜ್ಜಿ ಅವರ ತೂಕ, ಎತ್ತರ, ವಯಸ್ಸು ಏನನ್ನೂ ಕೇಳದೆ ತಟ್ಟೆಗೆ ಐದು ರೊಟ್ಟಿ ಹಾಕಿದಳು. ಮೇಡಂ ಐದನ್ನೂ ತಿಂದರು.