ಸುಂದ್ರಮ್ಮನ ಹೊಟ್ಟೆಗೆ ಮದ್ದು ಹಾಕಿದವರು ಯಾರು?

ಕೈಮದ್ದು ಎಂಬುದೇ ಇಲ್ಲ. ಪಕ್ಕದ ಮನೆಯವರು ತಿಂಡಿಯಲ್ಲಿ ಬೆರೆಸಿ ಕೊಡುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ನೋಯಿಸುತ್ತದೆ ಎಂದು ನಾವು ನಂಬಿಕೊಂಡಿರುವ ವಸ್ತುವನ್ನು ಇದುವರೆಗೆ ಯಾರೂ ಕಂಡಿಲ್ಲ. ನಿಮಗಿದು ಗೊತ್ತಿರಬೇಕಿತ್ತು.

ಮಿರ್ಲೆಯ ಶಿವನಂಜಪ್ಪನಿಗೆ ಗೊತ್ತಿರಲಿಲ್ಲ. ಬೈಕ್ ಸ್ಟಾರ್ಟ್ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ. ಹೊಟ್ಟೆನೋವೆಂದು ನರಳುತ್ತಿದ್ದ ಹೆಂಡತಿ ಸುಂದ್ರಮ್ಮ ಹತ್ತಲೊಲ್ಲಳು. ತಮ್ಮನ ಮಗಳು ಆಶಾರಾಣಿ, ಕೆ.ಆರ್. ನಗರದ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವವಳು, ಬೈಕಿನ ಕೀ ಕಿತ್ತುಕೊಂಡಳು.

ಶಿವನಂಜಪ್ಪ: ಕೊಡವ್ವ ಕೀ. ಕೋಟೆ ಕಡೆ ಒಬ್ರು ಮದ್ದು ಕಕ್ಕುಸ್ತಾರಂತೆ. ಸೊಪ್ಪಿನ ರಸ ಕುಡುಸುದ್ರೆ ಒಂದೇ ಏಟ್ಗೆ ಆಚೆಗೆ ಬತ್ತದಂತೆ.

ಆಶಾರಾಣಿ: ಏನ್ ಬರುತ್ತೆ ದೊಡ್ಡಪ್ಪ?

ಶಿವನಂಜಪ್ಪ: ಪಕ್ಕದ್ಮನೆ ಚಿಕ್ಕಸಿದ್ದಮ್ಮ ಹಾಕಿರೋದು. ಹಬ್ಬಕ್ಕೆ ಕಜ್ಜಾಯ ಕೊಟ್ಟಿದ್ಲಲ್ಲ, ಅದ್ರಲ್ಲಿ.

ಸುಂದ್ರಮ್ಮ: ಆವಮ್ಮ ಹತ್ತು ಮನೆಗೆ ಕೊಟ್ಟವ್ಳೆ.

ಶಿವನಂಜಪ್ಪ: ನಿಂಗೆ ಕೊಟ್ಟಿದ್ದೇ ಬ್ಯಾರೆ. ಊರೋರೆಲ್ಲ ಅಂಗೇ ಅಂತಾವ್ರೆ.

ಊರವರಿಗೆ ಹೇಳಿದವನು ಅವನೇ. ಹದಿನೈದು ದಿನದಿಂದ ಚಿಕ್ಕಸಿದ್ದಮ್ಮನ ಮನೆಯ ಮಜ್ಜಿಗೆಯನ್ನು ಆ ಬೀದಿಯಲ್ಲಿ ಒಬ್ಬರೂ ಮುಟ್ಟಿಲ್ಲ.

ಆಶಾರಾಣಿ: ದೊಡ್ಡಮ್ಮನ್ನ ಡಾಕ್ಟ್ರಿಗೆ ತೋರ್ಸೋಣ. ಇನ್ನೊಂದು ಮಾತು ಕೇಳಿ. ಗಾಬರಿ ಆದಾಗ ಮೈಯಲ್ಲಿ ಒಂದು ಹಾರ್ಮೋನು ಹೆಚ್ಚಾಗುತ್ತೆ, ಕರುಳಲ್ಲೂ ಹೆಚ್ಚಾಗುತ್ತೆ. ಅಲ್ಲಿರೋ ಕೆಲವು ಬ್ಯಾಕ್ಟೀರಿಯಾ ಅದರ ಸುಳಿವು ಹಿಡಿದು ಅದಿರೋ ಕಡೆಗೇ ಈಜ್ತವೆ.

ಶಿವನಂಜಪ್ಪ: ಅವಕ್ಕೆ ಕಣ್ಣವಾ?

ಆಶಾರಾಣಿ: ಇಲ್ಲ.

ಶಿವನಂಜಪ್ಪ: ಮೂಗು?

ಆಶಾರಾಣಿ: ಅದೂ ಇಲ್ಲ.

ಶಿವನಂಜಪ್ಪ: ಮತ್ತೆ ದಾರಿ ಯಾರು ತೋರ್ಸಾರು?

ಆಶಾರಾಣಿ: ಮೈಮೇಲೇ ರುಚಿ ಹಿಡಿಯೋ ಜಾಗ ಇದೆ. ರುಚಿ ಜಾಸ್ತಿ ಆಗ್ತಾ ಇದ್ರೆ ನೆಟ್ಟಗೆ ಹೋಗ್ತವೆ. ಕಮ್ಮಿ ಆದ್ರೆ ಗಿರಕಿ ಹೊಡೆದು ಬೇರೆ ದಿಕ್ಕು ನೋಡ್ತವೆ.

ಶಿವನಂಜಪ್ಪ ತಲೆಯಾಡಿಸಿದ. ಪೂರ್ತಿ ಅರ್ಥವಾಗಿತ್ತು.

ಶಿವನಂಜಪ್ಪ: ಅಂಗಾದ್ರೆ ಆವಮ್ಮ ಕಜ್ಜಾಯಕ್ಕೆ ಹಾಕಿರೋದು ಇವನ್ನೇ ಕಣವ್ವ.

ಆಶಾರಾಣಿ: ಅವು ಎಲ್ಲರ ಹೊಟ್ಟೇಲೂ ಇವೆ. ನಿಮ್ಮ ಹೊಟ್ಟೇಲೂ ಇವೆ.

ಶಿವನಂಜಪ್ಪ: ನನ್ನೊಟ್ಟೇಲಾ? ಪೂಜೆ ಮಾಡ್ದೆ ತುತ್ತೆತ್ತೋನಲ್ಲ ನಾನು!

ಆಶಾರಾಣಿ: ಪೂಜೆ ಮುಗಿಯೋತನಕ ಅವೂ ಕಾಯ್ತವೆ.

ಶಿವನಂಜಪ್ಪ: ಇವ್ಳ ನೋವು ಅವುಗಳಿಂದ್ಲೇ ಅಂತೀಯಾ?

ಆಶಾರಾಣಿ: ಅನ್ನಲ್ಲ. ಪ್ರಯೋಗಾಲಯದಲ್ಲಿ ಕಂಡಿರೋದು ಈಜೋದಷ್ಟೇ. ಆದ್ರೆ ದಿನಾ ಗಾಬರಿ ಬಿದ್ರೆ ಹೊಟ್ಟೆ ಕೆಡುತ್ತೆ.

ಶಿವನಂಜಪ್ಪ: (ಕೂಗಿ) ಇವ್ಳಿಗ್ಯಾತರ ಗಾಬ್ರಿ? ನಾನಿಲ್ವಾ ಮನೇಲಿ!

ಪಕ್ಕದ ಗೋಡೆಯ ಮೇಲಿದ್ದ ಕೋಳಿಗಳು ಆಚೆಗೆ ಹಾರಿದವು. ಸುಂದ್ರಮ್ಮನ ಕೈ ಹೊಟ್ಟೆಗೆ ಹೋಯಿತು.

ಆಶಾರಾಣಿ: ದೊಡ್ಡಮ್ಮ, ಕಜ್ಜಾಯ ತಿಂದ ದಿನ ನೋವಿತ್ತಾ?

ಸುಂದ್ರಮ್ಮ: ಇಲ್ಲ ಕಣವ್ವ. ಮೂರು ತಿಂದೆ. ಮಾರನೇ ದಿನಾನೂ ನೋಯ್ಲಿಲ್ಲ.

ಶಿವನಂಜಪ್ಪ: ಮತ್ಯಾವಾಗ ಶುರುವಾಯ್ತು?

ಸುಂದ್ರಮ್ಮ: ಹಬ್ಬದ ದಿನ ನೀವು ಚುಂಚನಕಟ್ಟೆಗೆ ನಿಮ್ಮಕ್ಕನ ಮನೆಗೆ ಹೋಗಿದ್ರಲ್ಲ, ಮೂರನೇ ದಿನ ಬಂದ್ರಿ. ತಿರುವಲ್ಲಿ ಬೈಕ್ ಸದ್ದು ಕೇಳ್ತು. ಆಗ್ಲಿಂದ.

ಶಿವನಂಜಪ್ಪ ಬೈಕನ್ನು ಹಿಂದಿನಿಂದ ಮುಂದಿನವರೆಗೆ ನೋಡಿದ.

ಶಿವನಂಜಪ್ಪ: ಸೈಲೆನ್ಸರ್ ಬದ್ಲಾಯಿಸ್ಬೇಕು.

ಸುಂದ್ರಮ್ಮ: ಸಾರಿಗೆ ಉಪ್ಪು ಕಮ್ಮಿ ಅಂತ ತಟ್ಟೆ ಎಸೆದದ್ದೂ ಸೈಲೆನ್ಸರಾ?

ಶಿವನಂಜಪ್ಪ: (ಮೆಲ್ಲಗೆ) ಕೋಟೆಯೋರ್ಗೆ ಬತ್ತೀವಿ ಅಂತ ಫೋನ್ ಮಾಡ್ಬುಟ್ಟಿವ್ನಿ.

ಸುಂದ್ರಮ್ಮ: ಹೋಗ್ಬನ್ನಿ. ಆ ಸೊಪ್ಪಿನ ರಸ ನೀವೇ ಕುಡೀರಿ. ಒಳಗಿರೋ ಕೂಗೆಲ್ಲ ಒಂದೇ ಏಟ್ಗೆ ಆಚೆಗೆ ಬರ್ಲಿ.

ಲೋಟ ಹಿಡಿದು ಆಕೆ ಚಿಕ್ಕಸಿದ್ದಮ್ಮನ ಬಾಗಿಲಿಗೆ ಹೋದಳು. ಮಜ್ಜಿಗೆ ಹಾಕಿಸಿಕೊಂಡು ನಡುಬೀದಿಯಲ್ಲಿ ನಿಂತು ಕುಡಿದಳು.

ನಿಮ್ಮ ಬೀದಿಯಲ್ಲೂ ಮದ್ದು ಹಾಕುವವಳೆಂದು ಹೆಸರು ಹೊತ್ತ ಹೆಂಗಸೊಬ್ಬಳಿದ್ದಾಳೆ. ಆ ಹೆಸರಿಟ್ಟ ದಿನ ನೀವು ಸುಮ್ಮನಿದ್ದಿರಿ. ಇವತ್ತೇ ಅವಳ ಮನೆಗೆ ಹೋಗಿ. ಅವಳು ಕೊಟ್ಟದ್ದನ್ನು ಬೀದಿಯಲ್ಲಿ ನಿಂತು, ಎಲ್ಲರಿಗೂ ಕಾಣುವಂತೆ, ತಿನ್ನಿ.